ಬೆಳೆದ ನಾಯಿ ರಾತ್ರಿ ಮನೆಯೊಳಗೆ ಗಲೀಜು ಮಾಡಿದಾಗ

ಹೊರಗೆ ಹೋಗಿಯೇ ಮಲಮೂತ್ರ ಮಾಡುವ ರೂಢಿಯನ್ನು ಚೆನ್ನಾಗಿ ಕಲಿತಿದ್ದ ಬೆಳೆದ ನಾಯಿಯೊಂದು ರಾತ್ರಿಯ ಹೊತ್ತು ನಡುಮನೆಯಲ್ಲಿಯೋ ಅಡುಗೆಮನೆಯ ಬಾಗಿಲಲ್ಲಿಯೋ ಗಲೀಜು ಮಾಡತೊಡಗಿದರೆ, ಮನೆಯವರು ಅದನ್ನು ಹಟ, ಸೋಮಾರಿತನ ಅಥವಾ ಸೇಡು ಎಂದು ಅರ್ಥಮಾಡಿಕೊಳ್ಳುವುದುಂಟು. ನಾಯಿಯ ದೇಹ ಮತ್ತು ವರ್ತನೆಯ ಬಗ್ಗೆ ತಿಳಿದಿರುವ ಸಂಗತಿಗಳು ಈ ಅರ್ಥಕ್ಕೆ ಸ್ವಲ್ಪವೂ ಬೆಂಬಲ ಕೊಡುವುದಿಲ್ಲ. ಮಲಗುವ ಜಾಗವನ್ನು ಶುಚಿಯಾಗಿ ಇಟ್ಟುಕೊಳ್ಳುವ ಪ್ರವೃತ್ತಿ ನಾಯಿಗೆ ಬಹಳ ಬೇಗ ಬರುತ್ತದೆ. ಮೊದಲ ಎರಡು ಮೂರು ವಾರ ತಾಯಿನಾಯಿ ಮರಿಗಳ ಹಿಂಭಾಗವನ್ನು ನೆಕ್ಕಿ ಮಲಮೂತ್ರ ಮಾಡಿಸಿ ಗೂಡನ್ನು ತಾನೇ ಚೊಕ್ಕಟವಾಗಿಟ್ಟರೆ, ಕಾಲಿಗೆ ಬಲ ಬರುತ್ತಿದ್ದಂತೆ ಮರಿಗಳು ತಡವರಿಸಿಕೊಂಡಾದರೂ ಗೂಡಿನಿಂದ ಆಚೆ ಸರಿದು ಆ ಕೆಲಸ ಮುಗಿಸಲು ಕಲಿಯುತ್ತವೆ. ಇಂಥ ಪ್ರಾಣಿ ತಾನು ಮಲಗುವ ಮನೆಯಲ್ಲಿಯೇ ಗಲೀಜು ಮಾಡಿತೆಂದರೆ ಅದರ ದೇಹದಲ್ಲಿಯೋ, ದಿನಚರಿಯಲ್ಲಿಯೋ, ಮನಸ್ಸಿನಲ್ಲಿಯೋ ಏನೋ ಬದಲಾಗಿದೆ ಎಂದು ತಿಳಿಯಬೇಕು, ಮತ್ತು ಆ ಬದಲಾವಣೆಯ ಮೊದಲ ಸುಳಿವು ಬೆಳಿಗ್ಗೆ ನೆಲದ ಮೇಲೆ ಕಾಣುವ ಗುರುತಿನಲ್ಲಿಯೇ ಇರುತ್ತದೆ.

ಆರೋಗ್ಯವಂತ ನಾಯಿಯ ದೇಹ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 20ರಿಂದ 40 ಮಿಲಿಲೀಟರ್ ಮೂತ್ರವನ್ನು ತಯಾರಿಸುತ್ತದೆ, ಅಂದರೆ 20 ಕಿಲೋ ತೂಗುವ ನಾಯಿ ಇಡೀ ದಿನಕ್ಕೆ 400ರಿಂದ 800 ಮಿಲಿಲೀಟರ್ ಮೂತ್ರ ಮಾಡುತ್ತದೆ. ರಾತ್ರಿ ಅನ್ನನೀರು ಇಲ್ಲದೆ ಮಲಗಿರುವಾಗ ಮೆದುಳಿನಿಂದ ಬರುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಮೂತ್ರಪಿಂಡಕ್ಕೆ ನೀರನ್ನು ಮರಳಿ ಹೀರಿಕೊಳ್ಳುವಂತೆ ಸೂಚನೆ ಕೊಡುವುದರಿಂದ ಮೂತ್ರ ಗಟ್ಟಿಯಾಗಿ, ಕಡಿಮೆಯಾಗಿ, ಎಂಟು ಗಂಟೆಯ ಕಾಲ ಮೂತ್ರಕೋಶದಲ್ಲಿ ನಿಲ್ಲಬಲ್ಲದು. ಹೊರಗೆ ಬರುವ ಮೂತ್ರ ಹೆಚ್ಚಾದರೆ, ಅದನ್ನು ಹಿಡಿದಿಡುವ ಸ್ನಾಯು ಸಡಿಲವಾದರೆ, ಅಥವಾ ಹೊರಗೆ ಹೋಗುವ ದಾರಿ ನಾಯಿಗೆ ಯಾವುದೋ ಕಾರಣದಿಂದ ಮುಚ್ಚಿಹೋದರೆ ಈ ಏರ್ಪಾಡು ಮುರಿಯುತ್ತದೆ.

ಆದ್ದರಿಂದ ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಳ್ಳುವ ಮುನ್ನ ಒಂದು ನಿಮಿಷ ನೋಡುವುದು ಅವಶ್ಯ. ನಾಯಿ ಮಲಗಿದ್ದ ಗೋಣಿತಟ್ಟಿನ ನಡುಭಾಗವೇ ಒದ್ದೆಯಾಗಿದ್ದು, ಅದರ ಹಿಂದೊಡೆಯ ಒಳಗಡೆಯ ಕೂದಲು ತೇವದಿಂದ ಅಂಟಿಕೊಂಡು ವಾಸನೆ ಹೊಡೆಯುತ್ತಿದ್ದರೆ, ನಾಯಿಗೆ ಎಚ್ಚರವೇ ಆಗದೆ ನಿದ್ದೆಯಲ್ಲಿ ಮೂತ್ರ ಸೋರಿದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಮುಂಬಾಗಿಲ ಹೊಸ್ತಿಲ ಬಳಿ ದೊಡ್ಡ ಮಡು ಕಟ್ಟಿದ್ದರೆ ನಾಯಿ ಎದ್ದು, ಬಾಗಿಲವರೆಗೆ ಬಂದು, ತಡೆಯಲಾರದೆ ಅಲ್ಲಿಯೇ ಮಾಡಿದೆ ಎಂದಾಗುತ್ತದೆ. ಬಾಗಿಲ ಕೆಳಭಾಗದಲ್ಲಿ ಹೊಸದಾಗಿ ಉಗುರಿನ ಗೀರುಗಳು ಕಂಡರೆ ಅದು ಸಾಕಷ್ಟು ಹೊತ್ತು ಕಾದಿತ್ತು ಎಂಬುದಕ್ಕೂ ಸಾಕ್ಷಿ ಸಿಗುತ್ತದೆ. ಸೋಫಾದ ಕಾಲಿಗೋ ಪರದೆಯ ಅಂಚಿಗೋ ಕೆಲವೇ ಹನಿ ಬಿದ್ದಿದ್ದರೆ ಅದು ಗಂಧದ ಗುರುತು ಹಾಕುವ ವರ್ತನೆ. ಗಂಡುನಾಯಿಗಳಲ್ಲಿ ಹೆಚ್ಚಾಗಿ ಕಾಣುವ ಇದು ಬೀದಿಯಲ್ಲಿ ಬೆದೆಗೆ ಬಂದ ಹೆಣ್ಣುನಾಯಿ ಇದ್ದಾಗ ಅಥವಾ ಮನೆಗೆ ಹೊಸ ಪ್ರಾಣಿ, ಹೊಸ ಮಂದಿ ಬಂದಾಗ ಜೋರಾಗುತ್ತದೆ, ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಸುಮಾರು ಅರ್ಧದಷ್ಟು ಗಂಡುಗಳಲ್ಲಿ ಕಡಿಮೆಯಾಗುತ್ತದೆ. ಮಲ ಒಂದೇ ಕಡೆ ಗಟ್ಟಿಯಾಗಿ ಬಿದ್ದಿದೆಯೇ, ನಡೆಯುತ್ತಾ ಹೋದಂತೆ ಅಲ್ಲಲ್ಲಿ ಉದುರಿದೆಯೇ, ನೀರಾಗಿದೆಯೇ, ಲೋಳೆ ಅಥವಾ ರಕ್ತ ಬೆರೆತಿದೆಯೇ ಎಂಬುದನ್ನೂ ಹೀಗೆಯೇ ಗಮನಿಸಬೇಕು. ಮೊಬೈಲಿನಲ್ಲಿ ತೆಗೆದಿಟ್ಟ ಒಂದು ಚಿತ್ರ ಪಶುವೈದ್ಯರಿಗೆ ಮನೆಯವರ ಹತ್ತು ಮಾತಿಗಿಂತ ಹೆಚ್ಚು ತಿಳಿಸಬಲ್ಲದು.

ಕಾಯಿಲೆಯನ್ನು ಮೊದಲು ಪರಿಶೀಲಿಸಿ ಆಮೇಲೆ ಅಭ್ಯಾಸದ ಕಡೆಗೆ ಹೋಗುವುದು ಸರಿಯಾದ ಕ್ರಮ, ಏಕೆಂದರೆ ರೋಗದಿಂದ ಬಂದ ತೊಂದರೆಯನ್ನು ತರಬೇತಿಯಿಂದ ಸರಿಪಡಿಸಲು ಹೊರಟರೆ ನಾಯಿಗೆ ನೋವೂ ಮನೆಯವರಿಗೆ ನಿರಾಶೆಯೂ ಉಳಿಯುತ್ತದೆ. ಇದರಲ್ಲಿ ಮನೆಯಲ್ಲಿಯೇ ಮಾಡಬಹುದಾದ ಬಹಳ ಉಪಯುಕ್ತ ಪರೀಕ್ಷೆಯೆಂದರೆ ಕುಡಿಯುವ ನೀರನ್ನು ಅಳೆಯುವುದು. ಬೆಳಿಗ್ಗೆ ಲೀಟರಿನ ಅಳತೆಯಲ್ಲಿ ಬಟ್ಟಲಿಗೆ ನೀರು ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆದು ನೋಡಿದಾಗ, ನಾಯಿ ತೂಕದ ಪ್ರತಿ ಕಿಲೋಗೆ 100 ಮಿಲಿಲೀಟರಿಗಿಂತ ಹೆಚ್ಚು ನೀರು ಕುಡಿದಿದ್ದರೆ ಅದನ್ನು ಅತಿಬಾಯಾರಿಕೆ ಎಂದು ಪಶುವೈದ್ಯಶಾಸ್ತ್ರ ಪರಿಗಣಿಸುತ್ತದೆ. ಇದರ ಹಿಂದೆ ಸಕ್ಕರೆ ಕಾಯಿಲೆ ಇರಬಹುದು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅತಿಯಾಗಿ ಸ್ರವಿಸಿ ನಾಯಿಯ ಹೊಟ್ಟೆ ಜೋತುಬಿದ್ದು ಕೂದಲು ಉದುರುವ ಕುಶಿಂಗ್ ರೋಗ ಇರಬಹುದು. ಮೂತ್ರಪಿಂಡದ ಬಹುಕಾಲದ ರೋಗವೂ ಇರಬಹುದು. ಮೂತ್ರವನ್ನು ಗಟ್ಟಿಗೊಳಿಸುವ ಶಕ್ತಿ ಕುಂದಿದೆ ಎಂದು ತಿಳಿಯುವ ಹೊತ್ತಿಗೆ ಮೂತ್ರಪಿಂಡದ ಕಾರ್ಯಘಟಕಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಹಾಳಾಗಿರುವುದರಿಂದ, ರಾತ್ರಿಯ ಒಂದು ಮಡುವನ್ನು ಅಲಕ್ಷಿಸುವುದು ನಿಜಕ್ಕೂ ದುಬಾರಿಯಾಗಬಹುದು. ಸಂತಾನಹರಣವಾಗದ ಹೆಣ್ಣುನಾಯಿ ಬೆದೆ ಮುಗಿದ ಕೆಲವು ವಾರಗಳಲ್ಲಿ ಹೆಚ್ಚು ನೀರು ಕುಡಿಯುತ್ತಾ ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಸಂಭವವಿದ್ದು, ಅದಕ್ಕೆ ನಾಳೆ ನೋಡೋಣ ಎನ್ನದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಚರ್ಮದ ತುರಿಕೆಗೆಂದು ಕೊಡುವ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆಗಳು ಬಾಯಾರಿಕೆಯನ್ನೂ ಮೂತ್ರವನ್ನೂ ಹೆಚ್ಚಿಸುತ್ತವೆ ಎಂಬುದು ಅನೇಕ ಮನೆಗಳಲ್ಲಿ ಯಾರೂ ಹೇಳದೆ ಉಳಿಯುವ ಸಂಗತಿ. ಆದರೆ ಅವನ್ನು ಥಟ್ಟನೆ ನಿಲ್ಲಿಸುವುದು ಅಪಾಯಕಾರಿಯಾದ್ದರಿಂದ ವೈದ್ಯರನ್ನು ಕೇಳಿಯೇ ಬದಲಿಸಬೇಕು. ಪದೇಪದೇ ಕುಳಿತು ಸ್ವಲ್ಪಸ್ವಲ್ಪವೇ ಮಾಡುವ, ಮಾಡುವಾಗ ಮುಲುಗುವ, ಮೂತ್ರದಲ್ಲಿ ಕೆಂಪು ಕಾಣುವ ನಾಯಿಗೆ ಮೂತ್ರನಾಳದ ಸೋಂಕು ಅಥವಾ ಮೂತ್ರಕೋಶದ ಕಲ್ಲು ಇರಬಹುದು. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು: ಜನ ಇಲಿಜ್ವರ ಎಂದು ಕರೆಯುವ ಲೆಪ್ಟೊಸ್ಪೈರೋಸಿಸ್ ನಾಯಿಗಳಿಗೂ ತಗುಲಿ ಮೂತ್ರಪಿಂಡವನ್ನು ಘಾಸಿಗೊಳಿಸುವುದಲ್ಲದೆ ಅವುಗಳ ಮೂತ್ರದ ಮೂಲಕ ಮನುಷ್ಯರಿಗೂ ಹರಡಬಲ್ಲದು, ಜ್ವರವಿರುವ ನಾಯಿಯ ಮೂತ್ರವನ್ನು ಬರಿಗೈಯಲ್ಲಿ, ಅದರಲ್ಲೂ ಕೈಯಲ್ಲಿ ಗಾಯವಿರುವಾಗ, ಒರೆಸಬಾರದು.

ರಾತ್ರಿ ಗಲೀಜು ಮಾಡುತ್ತದೆಂದು ನೀರಿನ ಬಟ್ಟಲನ್ನೇ ಎತ್ತಿಡುವ ರೂಢಿಯನ್ನು ಇಲ್ಲಿ ಸ್ಪಷ್ಟವಾಗಿ ವಿರೋಧಿಸಬೇಕಾಗುತ್ತದೆ. ಮೇಲೆ ಹೇಳಿದ ರೋಗಗಳಲ್ಲಿ ಹೆಚ್ಚಿನವುಗಳಲ್ಲಿ ನಾಯಿ ನೀರು ಕುಡಿಯುವುದರಿಂದ ಮೂತ್ರ ಹೆಚ್ಚಾಗುವುದಿಲ್ಲ, ಮೂತ್ರ ಹೆಚ್ಚು ಹೋಗುವುದರಿಂದ ಕುಡಿಯಲೇಬೇಕಾಗುತ್ತದೆ; ಅಂಥ ನಾಯಿಗೆ ನೀರು ತಪ್ಪಿಸಿದರೆ ಕೆಲವೇ ಗಂಟೆಗಳಲ್ಲಿ ಅದು ನಿರ್ಜಲೀಕರಣಕ್ಕೆ ಒಳಗಾಗಬಹುದು.

ನಿದ್ದೆಯಲ್ಲಿ ಸೋರುವ ತೊಂದರೆ ಸಂತಾನಹರಣವಾದ ಹೆಣ್ಣುನಾಯಿಗಳಲ್ಲಿ, ಅದರಲ್ಲೂ ದೊಡ್ಡ ಮೈಕಟ್ಟಿನ ತಳಿಗಳಲ್ಲಿ, ಹೆಚ್ಚು. ಅಂಡಾಶಯವನ್ನು ತೆಗೆದ ಮೇಲೆ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಮೂತ್ರನಾಳದ ಬಾಯನ್ನು ಬಿಗಿಯಾಗಿ ಹಿಡಿಯುವ ಸ್ನಾಯು ಸಡಿಲಗೊಳ್ಳುತ್ತದೆ; ಶಸ್ತ್ರಚಿಕಿತ್ಸೆಯಾಗಿ ವರ್ಷಗಳಾದ ಮೇಲೂ ಇದು ಕಾಣಿಸಿಕೊಳ್ಳಬಹುದಾದ್ದರಿಂದ ಎರಡಕ್ಕೂ ಇರುವ ಸಂಬಂಧ ಮನೆಯವರಿಗೆ ಹೊಳೆಯುವುದಿಲ್ಲ. ಇದಕ್ಕೆ ಫಿನೈಲ್‌ಪ್ರೊಪನೋಲಮೈನ್, ಈಸ್ಟ್ರಿಯಾಲ್ ಮುಂತಾದ ಔಷಧಗಳು ಬಹುತೇಕ ನಾಯಿಗಳಲ್ಲಿ ಒಳ್ಳೆಯ ಫಲ ಕೊಡುತ್ತವೆ. ಎಚ್ಚರವಿಲ್ಲದೆ ನಡೆದದ್ದಕ್ಕೆ ಈ ನಾಯಿಗಳು ಬೈಗುಳ ತಿನ್ನುವುದು ನೋಡಲು ಬಹಳ ಸಂಕಟವಾಗುವ ಸಂಗತಿ.

ವೈದ್ಯರು ರೋಗವಿಲ್ಲವೆಂದ ಮೇಲೆ ದಿನಚರಿಯನ್ನು ನೋಡಬೇಕು. ಕರ್ನಾಟಕದ ಎಷ್ಟೋ ಮನೆಗಳಲ್ಲಿ ನಾಯಿಗೆ ಊಟ ಹಾಕುವುದು ಎಲ್ಲರ ಊಟವಾದ ಮೇಲೆ, ಪಾತ್ರೆ ತೊಳೆಯುವ ಹೊತ್ತಿಗೆ, ಅಂದರೆ ರಾತ್ರಿ ಒಂಬತ್ತೂವರೆ ಹತ್ತರ ಸುಮಾರಿಗೆ. ಉಳಿದ ಅನ್ನಕ್ಕೆ ಹಾಲೋ ಮಜ್ಜಿಗೆಯೋ ತಿಳಿಸಾರೋ ಕಲಸಿ ಹಾಕಿ, ಗೇಟಿಗೆ ಬೀಗ ಹಾಕಿ ಮಲಗುತ್ತಾರೆ. ಬೇಯಿಸಿದ ಅನ್ನದಲ್ಲಿ ನೂರಕ್ಕೆ ಸುಮಾರು 70 ಭಾಗವೂ ಹಾಲಿನಲ್ಲಿ 87 ಭಾಗವೂ ನೀರೇ ಆಗಿರುವುದರಿಂದ, ಕಾಲು ಕಿಲೋ ಅನ್ನಕ್ಕೆ ಕಾಲು ಲೀಟರ್ ಹಾಲು ಕಲಸಿದರೆ ನಾಯಿಯ ಹೊಟ್ಟೆಗೆ ಒಮ್ಮೆಗೇ ಸುಮಾರು 390 ಮಿಲಿಲೀಟರ್ ನೀರು ಇಳಿಯುತ್ತದೆ. 20 ಕಿಲೋ ನಾಯಿಗೆ ಇದು ಇಡೀ ದಿನದ ಮೂತ್ರದ ಸುಮಾರು ಅರ್ಧದಷ್ಟಾದರೂ ಆಗುತ್ತದೆ. ಇದರ ಮೇಲೆ, ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವ ಕಡಿಮೆಯಿರುವುದರಿಂದ ಮಲವೂ ಸಡಿಲವಾಗುವುದುಂಟು. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡಕರುಳು ಚುರುಕಾಗುವ ಸಹಜ ಪ್ರತಿಕ್ರಿಯೆಯೂ ಇದೆ. ಹಾಗಾಗಿ ಉಂಡ ಅರ್ಧ ಗಂಟೆಯೊಳಗೆ ನಾಯಿಗೆ ಹೊರಗೆ ಹೋಗಬೇಕೆನಿಸುವ ಹೊತ್ತಿಗೆ ಮನೆಯ ದೀಪಗಳು ಆರಿರುತ್ತವೆ.

ಸಂಜೆಯ ಊಟವನ್ನು ಆರು ಆರೂವರೆಗೆ ತಂದು, ಹಾಲನ್ನು ಬಿಟ್ಟು, ಅನ್ನವನ್ನಾಗಲಿ ರಾಗಿಮುದ್ದೆಯನ್ನಾಗಲಿ ಮೊಟ್ಟೆ ಅಥವಾ ಮಾಂಸದೊಂದಿಗೆ ಗಟ್ಟಿಯಾಗಿ ಕೊಟ್ಟು, ಮಲಗುವ ಮುನ್ನ ಕೊನೆಯ ಬಾರಿ ಹೊರಗೆ ಕರೆದೊಯ್ಯುವುದರಿಂದಲೇ ಹಲವು ಮನೆಗಳ ತೊಂದರೆ ತೀರುತ್ತದೆ. ಆದರೆ ಗೇಟು ತೆರೆದು ನಾಯಿಯನ್ನು ಹೊರಗೆ ಬಿಟ್ಟರೆ ಸಾಲದು, ಜೊತೆಗೆ ಹೋಗಿ ಅದು ಮಾಡಿತೇ ಇಲ್ಲವೇ ಎಂದು ಕಣ್ಣಾರೆ ನೋಡಬೇಕು. ಸುರಿಯುವ ಮಳೆಯಲ್ಲಿ, ಗುಡುಗಿನಲ್ಲಿ, ದೀಪಾವಳಿಯ ಪಟಾಕಿಯ ದಿನಗಳಲ್ಲಿ, ಅಥವಾ ಬೀದಿನಾಯಿಗಳ ಗುಂಪು ಗೇಟಿನಾಚೆ ಬೊಗಳುತ್ತಿರುವಾಗ ಹೆದರಿದ ನಾಯಿ ಎರಡು ಹೆಜ್ಜೆ ಹಾಕಿ, ಏನೂ ಮಾಡದೆ, ಬಾಲ ಮುದುಡಿಕೊಂಡು ಒಳಗೆ ಓಡಿ ಬರುತ್ತದೆ; ಮನೆಯವರು ಆಯಿತೆಂದುಕೊಂಡು ಬಾಗಿಲು ಹಾಕುತ್ತಾರೆ. ಅಂಥ ದಿನಗಳಲ್ಲಿ ಕತ್ತಲಾಗುವ ಮೊದಲೇ ನಿಧಾನವಾಗಿ ಸುತ್ತಾಡಿಸುವುದೂ ಮಳೆ ಬೀಳದ ಒಂದು ಮೂಲೆಯನ್ನು ಅದಕ್ಕೆಂದು ಬಿಡುವುದೂ ಒಳ್ಳೆಯದು.

ಬೀದಿಯಿಂದ ಅಥವಾ ಆಶ್ರಯಧಾಮದಿಂದ ಬೆಳೆದ ಮೇಲೆ ಮನೆಗೆ ಬಂದ ನಾಯಿಗಳ ವಿಷಯ ಬೇರೆ. ಯಾವ ನೆಲದ ಮೇಲೆ ಮಲಮೂತ್ರ ಮಾಡಬೇಕೆಂಬ ಒಲವು ಮರಿಯಾಗಿದ್ದಾಗಲೇ ಕಾಲಿನ ಸ್ಪರ್ಶದ ಮೂಲಕ ಮೂಡುತ್ತದೆ. ಸಿಮೆಂಟಿನ ಗೂಡಿನಲ್ಲಿ ಬೆಳೆದ ನಾಯಿಗೆ ನುಣುಪಾದ ಟೈಲ್ಸ್ ನೆಲ ತಕ್ಕ ಜಾಗವೆನಿಸಿದರೆ, ಮಣ್ಣಿನ ಮೇಲೆ ಬೆಳೆದ ನಾಯಿ ಬೆಂಗಳೂರಿನ ಅಪಾರ್ಟ್‌ಮೆಂಟಿನ ಕಾಂಕ್ರೀಟ್ ಅಂಗಳದಲ್ಲಿ ಅರ್ಧ ಗಂಟೆ ತಿರುಗಿದರೂ ಮಾಡದೆ ಮರಳಿ, ಬಾಲ್ಕನಿಯ ಹೂಕುಂಡದ ಬಳಿ ಮಾಡಬಹುದು. ಇಂಥ ನಾಯಿಗೆ ದೊಡ್ಡದೆಂದು ಮರಿಗೆ ಕಲಿಸುವ ಪಾಠವನ್ನು ತಪ್ಪಿಸಬಾರದು: ದಿನವೂ ಅದೇ ಹೊತ್ತಿಗೆ, ಅದೇ ಮಣ್ಣಿನ ಜಾಗಕ್ಕೆ ಹಗ್ಗ ಹಿಡಿದು ಕರೆದೊಯ್ದು, ಮಾಡಿ ಮುಗಿಸಿದ ಕ್ಷಣದಲ್ಲಿಯೇ ಮೆಚ್ಚಿ ಒಂದು ಚೂರು ತಿಂಡಿ ಕೊಡಬೇಕು, ಮನೆಗೆ ಬಂದ ಮೇಲೆ ಕೊಟ್ಟರೆ ಅದು ಮನೆಗೆ ಬಂದದ್ದಕ್ಕೆ ಸಿಕ್ಕ ಬಹುಮಾನವಾಗುತ್ತದೆ. ರಾತ್ರಿ ಮನೆಯೆಲ್ಲ ಸುತ್ತಲು ಬಿಡದೆ, ಯಾರಾದರೊಬ್ಬರ ಹಾಸಿಗೆಯ ಹತ್ತಿರ ಮಲಗಿಸಿದರೆ ಅದು ಎದ್ದು ಒದ್ದಾಡುವ ಸದ್ದು ಕೇಳಿಸುತ್ತದೆ. ಗಲೀಜು ಬೆಳಗಿನ ಜಾವ ನಾಲ್ಕಕ್ಕೆ ಆಗುತ್ತಿದ್ದರೆ ಮೂರೂವರೆಗೆ ಅಲಾರಾಂ ಇಟ್ಟು ಹೊರಗೆ ಕರೆದೊಯ್ದು, ಕೆಲವು ದಿನ ಶುಚಿಯಾಗಿ ಕಳೆದ ಮೇಲೆ ಆ ಹೊತ್ತನ್ನು ಕಾಲು ಗಂಟೆಯಂತೆ ಮುಂದಕ್ಕೆ ಹಾಕುತ್ತಾ ಹೋಗಬಹುದು. ಗಿಡ್ಡ ಚೈನಿನಲ್ಲಿ ರಾತ್ರಿಯಿಡೀ ಕಟ್ಟಿಹಾಕುವುದು ಇದಕ್ಕೆ ಪರ್ಯಾಯವಲ್ಲ. ಅತಿ ಗಿಡ್ಡದಾದ ಅಥವಾ ಅತಿ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಮಿತಿಮೀರಿ ಹೊತ್ತು ಕಟ್ಟುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಬೆಳಿಗ್ಗೆ ಎದ್ದು ನಾಯಿಯ ಮೂತಿಯನ್ನು ಗಲೀಜಿಗೆ ಉಜ್ಜುವ ಹಳೆಯ ಪದ್ಧತಿ ಇನ್ನೂ ಅಳಿದಿಲ್ಲ. ತನ್ನ ಕೆಲಸಕ್ಕೂ ಅದರ ಪರಿಣಾಮಕ್ಕೂ ನಂಟು ಕಟ್ಟಲು ನಾಯಿಗೆ ಅವೆರಡೂ ಒಂದೆರಡು ಸೆಕೆಂಡುಗಳ ಅಂತರದಲ್ಲಿ ನಡೆಯಬೇಕು. ಆರು ಗಂಟೆಯ ನಂತರದ ಏಟು ಅದರ ಪಾಲಿಗೆ ಕಾರಣವಿಲ್ಲದ ಏಟು. ಆದರೂ ನಾಯಿ ತಪ್ಪೊಪ್ಪಿದಂತೆ ತಲೆ ತಗ್ಗಿಸುತ್ತದಲ್ಲ ಎಂಬ ಪ್ರಶ್ನೆಗೆ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರ ಕೊಟ್ಟಿತು. ತಿನ್ನಬಾರದೆಂದು ಹೇಳಿ ತಿಂಡಿಯ ಮುಂದೆ ಬಿಟ್ಟುಹೋದ 14 ನಾಯಿಗಳ ವಿಷಯದಲ್ಲಿ, ನಾಯಿ ತಿಂದಿದೆಯೋ ಇಲ್ಲವೋ ಎಂಬುದನ್ನು ಮಾಲೀಕರಿಗೆ ಕೆಲವು ಬಾರಿ ಸುಳ್ಳಾಗಿ ತಿಳಿಸಲಾಯಿತು. ತಲೆ ತಗ್ಗಿಸುವ ನೋಟ ಬೈಗುಳದ ಜೊತೆ ಬಂತೇ ಹೊರತು ತಪ್ಪಿನ ಜೊತೆ ಬರಲಿಲ್ಲ, ಮತ್ತು ತಿನ್ನದೆಯೂ ಬೈಸಿಕೊಂಡ ನಾಯಿಗಳಲ್ಲಿಯೇ ಅದು ಹೆಚ್ಚು ಎದ್ದುಕಂಡಿತು. ಹೊಡೆತ ತಿಂದ ನಾಯಿ ಕಲಿಯುವುದು ಒಂದನ್ನೇ: ಮನೆಯವರ ಕಣ್ಣಿಗೆ ಬೀಳದಂತೆ ಮಂಚದ ಕೆಳಗೆ ಮಾಡುವುದನ್ನು. ಹೊರಗೆ ಹಗ್ಗ ಹಿಡಿದು ನಿಂತವರ ಎದುರು ಮಾಡಲೂ ಅದು ಹೆದರತೊಡಗುತ್ತದೆ.

ನೆಲವನ್ನು ತೊಳೆಯುವ ಬಗೆಯೂ ಮುಖ್ಯ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಸುಮಾರು 50–60 ಲಕ್ಷ ಜೀವಕೋಶಗಳಿದ್ದರೆ ನಾಯಿಯಲ್ಲಿ 20 ಕೋಟಿಗೂ ಹೆಚ್ಚಿವೆ. ಟೈಲ್ಸಿನ ಸಂದುಗಳಲ್ಲಿ, ಬಿರುಕು ಬಿಟ್ಟ ರೆಡ್ ಆಕ್ಸೈಡ್ ನೆಲದಲ್ಲಿ ಇಂಗಿದ ಮೂತ್ರದ ಗಂಧ ಅದನ್ನು ಮತ್ತೆ ಅದೇ ಜಾಗಕ್ಕೆ ಕರೆಯುತ್ತದೆ. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುವುದರಿಂದ ಅಮೋನಿಯಾ ಇರುವ ದ್ರಾವಣದಿಂದ ಒರೆಸಿದರೆ ಗುರುತು ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಪುಡಿಯನ್ನು ಹಸಿ ಮೂತ್ರದ ಮೇಲೆ ಸುರಿದರೆ ಶ್ವಾಸಕೋಶಕ್ಕೆ ಕೆಡುಕಾದ ಕ್ಲೋರಮೈನ್ ಅನಿಲ ಏಳುತ್ತದೆ. ಕರಿ ಫಿನಾಯಿಲು ಪಾದಕ್ಕೆ ಅಂಟಿ ನೆಕ್ಕಿದಾಗ ಹೊಟ್ಟೆ ಸೇರುವುದರಿಂದ ಅದೂ ಬೇಡ. ಮನೆಯಲ್ಲಿ ಬೆಕ್ಕಿದ್ದರೆ ಅಪಾಯ ಇನ್ನೂ ಹೆಚ್ಚು. ಮೊದಲು ಹಳೆಯ ಬಟ್ಟೆ ಅಥವಾ ಕಾಗದದಿಂದ ಒತ್ತಿ ಹೀರಿಸಿ, ನೀರಿನಲ್ಲಿ ತೊಳೆದು, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವಯುಕ್ತ ದ್ರಾವಣವನ್ನು ಹಚ್ಚಿ ಹತ್ತು ಹದಿನೈದು ನಿಮಿಷ ತೇವವಾಗಿ ಬಿಡುವುದು ಸರಿಯಾದ ಕ್ರಮ.

ಹತ್ತು ವರ್ಷ ದಾಟಿದ ನಾಯಿಗೆ ಇನ್ನಷ್ಟು ತಾಳ್ಮೆ ಬೇಕು. ಮುಪ್ಪಿನಲ್ಲಿ ಮೆದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಶೇಖರವಾಗಿ ನೆನಪು, ದಿಕ್ಕು, ನಿದ್ದೆಗಳ ಕ್ರಮ ಕೆಡುವ ಸ್ಥಿತಿಗೆ ಅರಿವಿನ ಕುಂದು ಎನ್ನಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಿಂದ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 11–12 ವಯಸ್ಸಿನ ನಾಯಿಗಳಲ್ಲಿ ಶೇ. 28ರಷ್ಟೂ 15–16 ವಯಸ್ಸಿನವುಗಳಲ್ಲಿ ಶೇ. 68ರಷ್ಟೂ ಇದರ ಒಂದಾದರೂ ಲಕ್ಷಣವನ್ನು ತೋರಿದವು, ಮನೆಯೊಳಗೆ ಗಲೀಜು ಮಾಡುವುದೂ ಅವುಗಳಲ್ಲಿ ಒಂದು. ಇಂಥ ನಾಯಿ ನಡುರಾತ್ರಿ ಎದ್ದು ಬಾಗಿಲ ತಿರುಗಣಿ ಇರುವ ಬದಿಗೆ ಹೋಗಿ ನಿಲ್ಲುತ್ತದೆ, ಮೂಲೆಗೆ ಹೋಗಿ ಹೊರಬರಲು ತಿಳಿಯದೆ ಗೋಡೆ ನೋಡುತ್ತಾ ಉಳಿಯುತ್ತದೆ. ಕೀಲುನೋವಿರುವ ನಾಯಿಗೆ ಬಾಗಿಲು ಗೊತ್ತಿದ್ದರೂ ಜಾರುವ ಟೈಲ್ಸಿನ ಮೇಲೆ ಏಳಲಾಗುವುದಿಲ್ಲ. ಹಾಸಿಗೆಯಿಂದ ಬಾಗಿಲವರೆಗೆ ಜಾರದ ಚಾಪೆ ಹಾಸಿ, ದಾರಿಯಲ್ಲಿ ಒಂದು ಸಣ್ಣ ದೀಪ ಉರಿಸಿ, ಮೆಟ್ಟಿಲಿದ್ದ ಕಡೆ ಇಳಿಜಾರಿನ ಹಲಗೆ ಇಟ್ಟು, ನೋವಿಗೆ ವೈದ್ಯರಿಂದಲೇ ಮಾತ್ರೆ ಬರೆಸಿಕೊಳ್ಳಬೇಕು. ಮನುಷ್ಯರ ಐಬುಪ್ರೊಫೆನ್ ನಾಯಿಗೆ ವಿಷ. ಡೈಪರ್ ತೊಡಿಸಲೇಬೇಕಾದರೆ ಅಲ್ಲಿನ ಕೂದಲನ್ನು ಗಿಡ್ಡವಾಗಿ ಕತ್ತರಿಸಿ, ಒದ್ದೆಯಾದೊಡನೆ ಬದಲಿಸಿ, ಪ್ರತಿ ಬಾರಿಯೂ ಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿದರೆ ಚರ್ಮ ಹುಣ್ಣಾಗದೆ ಉಳಿಯುತ್ತದೆ.