ಎತ್ತರದ ಗಾಜಿನ ತೊಟ್ಟಿಗೆ ಒಗ್ಗುವ ಮೀನು

ಹಜಾರದ ಮೂಲೆಯಲ್ಲಿ ಕಂಬದಂತೆ ನೀಳವಾಗಿ ನಿಂತ ಗಾಜಿನ ತೊಟ್ಟಿಯು ಮನೆಗೆ ಎಷ್ಟೇ ಶೋಭೆಯನ್ನು ತಂದರೂ, ಅದರಲ್ಲಿ ಹಗಲಿರುಳು ಬಾಳಬೇಕಾದ ಜೀವಿಗೆ ಅದು ಎಂತಹ ನೆಲೆಯೆಂಬುದನ್ನು ಕೊಳ್ಳುವ ಮುನ್ನ ವಿಚಾರಿಸುವವರು ವಿರಳ. 30 ಸೆಂಟಿಮೀಟರು ಉದ್ದ, ಅಷ್ಟೇ ಅಗಲ, 60 ಸೆಂಟಿಮೀಟರು ಎತ್ತರವುಳ್ಳ ತೊಟ್ಟಿಯೊಂದು ಹಿಡಿಯುವ ನೀರು 54 ಲೀಟರು. ಅದನ್ನೇ ಮಗ್ಗುಲಿಗೆ ಮಲಗಿಸಿದಂತೆ ಭಾವಿಸಿದರೆ ನೀರಿನ ಪ್ರಮಾಣದಲ್ಲಿ ಒಂದು ಹನಿಯೂ ವ್ಯತ್ಯಾಸವಾಗದು. ಆದರೆ ಗಾಳಿಗೆ ತೆರೆದ ಮೇಲ್ಮೈ ಮಾತ್ರ 900 ಚದರ ಸೆಂಟಿಮೀಟರಿನಿಂದ 1800ಕ್ಕೆ ಏರುವುದು. ಮೀನಿನ ಉಸಿರಿಗೆ ಆಧಾರವಾದುದು ಈ ಮೇಲ್ಮೈಯೇ ಹೊರತು ಲೀಟರುಗಳ ಲೆಕ್ಕವಲ್ಲ.

ಒಂದು ಲೀಟರು ನೀರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿಸಿಕೊಳ್ಳಬಲ್ಲ ಆಮ್ಲಜನಕವು ಸುಮಾರು 8 ಮಿಲಿಗ್ರಾಮು. ಬೇಸಗೆಯಲ್ಲಿ ನೀರು ಕಾದಷ್ಟೂ ಅದು ಇನ್ನೂ ಕಡಮೆ. ಅಷ್ಟೇ ಗಾಳಿಯಲ್ಲಿ ಇದರ ಮೂವತ್ತು ಪಟ್ಟಿಗೂ ಮಿಕ್ಕಿ ಆಮ್ಲಜನಕವುಂಟು. ಅಲ್ಲದೆ, ಅಲುಗದೆ ನಿಂತ ನೀರಿನಲ್ಲಿ ಈ ವಾಯುವು ತಾನಾಗಿ ಪಸರಿಸುವ ವೇಗವು ಗಾಳಿಯಲ್ಲಿ ಪಸರಿಸುವ ವೇಗದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಆದುದರಿಂದ, ಎತ್ತರದ ತೊಟ್ಟಿಯ ತಳದ ನೀರನ್ನು ಯಾರಾದರೂ ಮೇಲಕ್ಕೆತ್ತಿ ಗಾಳಿಗೆ ಒಡ್ಡದಿದ್ದರೆ ಅಲ್ಲಿ ಉಸಿರಿನ ಬರಗಾಲವೇ. ಪಂಪಿನ ಗುಳ್ಳೆಗಳು ಮಾಡುವ ಮುಖ್ಯ ಉಪಕಾರವು ಇದೇ: ಗುಳ್ಳೆಯಿಂದ ನೀರಿಗಿಳಿಯುವ ಆಮ್ಲಜನಕವು ಅಲ್ಪ, ಏರುತ್ತ ಏರುತ್ತ ಅದು ತನ್ನೊಡನೆ ಎಳೆದು ತರುವ ತಳದ ನೀರೇ ಅಧಿಕ.

ಮಿತ್ರರೊಬ್ಬರ ಮನೆಯಲ್ಲಿ, ರಾತ್ರಿ ಕರೆಂಟು ಹೋಗಿ ಪಂಪು ನಿಂತಿದ್ದ ಒಂದು ಬೆಳಗಿನ ಜಾವದಲ್ಲಿ, ಇಂತಹ ತೊಟ್ಟಿಯನ್ನು ನೋಡಿದ್ದು ಇಂದಿಗೂ ನನ್ನ ಮನಸ್ಸಿನಿಂದ ಅಳಿದಿಲ್ಲ. ಕತ್ತಲಲ್ಲಿ ಗಿಡಗಳೂ ಆಮ್ಲಜನಕವನ್ನು ಹೀರುವುದರಿಂದ ಇದ್ದಷ್ಟೂ ತೀರಿ, ಎಂಟು ಜೀಬ್ರಾ ಮೀನುಗಳು ಮೂತಿಯನ್ನು ನೀರಿನ ಅಂಚಿಗೆ ಒತ್ತಿ, ಕಿವಿರುಗಳನ್ನು ಬಡಬಡನೆ ಬಡಿಯುತ್ತ ಬಾಯಿ ಬಿಡುತ್ತಿದ್ದುವು. ಬೆರಳುದ್ದವೂ ಇಲ್ಲದ ಆ ಮೀನು ಅಡ್ಡಲಾಗಿ ಓಡುವ ಜಾತಿಯದು; 30 ಸೆಂಟಿಮೀಟರಿನ ಗೋಡೆಗಳ ನಡುವೆ ಅದಕ್ಕೆ ಓಟಕ್ಕಿಂತ ಹೊರಳುವುದೇ ಹೆಚ್ಚು. ಪಂಪು ನಡೆಯುತ್ತಿದ್ದರೂ ಅದು ಅದರ ಮನೆಯಲ್ಲ.

ಎತ್ತರದ ತೊಟ್ಟಿಯೆಂದೊಡನೆ ಎಲ್ಲರ ನಾಲಗೆಗೂ ಬರುವ ಹೆಸರು ಏಂಜಲ್ ಮೀನಿನದು. ಅಮೆಜಾನ್ ನದಿಯ ನಿಧಾನ ಪ್ರವಾಹದಲ್ಲಿ, ಮುಳುಗಿದ ಬೇರುಕೊಂಬೆಗಳ ನಡುವೆ, ಚಪ್ಪಟೆಯಾದ ಎತ್ತರದ ಮೈಯ ಮೇಲಿನ ಕಪ್ಪು ಗೀರುಗಳನ್ನೇ ಮರೆಯಾಗಿಸಿಕೊಂಡು ಬಾಳುವ ಇದಕ್ಕೆ ಎತ್ತರವು ನಿಜವಾಗಿಯೂ ಬೇಕು. ಆದರೆ ಅಂಗಡಿಯಲ್ಲಿ ನಾಣ್ಯದಷ್ಟಿರುವ ಮರಿಯು ಬೆಳೆದು ಉದ್ದದಲ್ಲಿ 15 ಸೆಂಟಿಮೀಟರನ್ನು ಮುಟ್ಟುವುದೆಂಬುದನ್ನೂ, ಈಜುರೆಕ್ಕೆಗಳು ಸೇರಿದರೆ ಎತ್ತರವು ಅದನ್ನು ಮೀರುವುದೆಂಬುದನ್ನೂ ಕೊಳ್ಳುವವನು ಮರೆಯುತ್ತಾನೆ. ತಳವು ಎರಡು ಕಡೆಗೂ 45 ಸೆಂಟಿಮೀಟರಿಗೆ ಕಡಮೆಯಿಲ್ಲದಿದ್ದರೆ ಒಂದು ಜೋಡಿಯನ್ನು ಸಾಕಬಹುದು. ನಾವು ಲೆಕ್ಕ ಹಾಕಿದ ತೊಟ್ಟಿಯಲ್ಲಿ ಅದನ್ನು ಬಿಡುವುದು ಅನ್ಯಾಯ. ಫೈಟರ್ ಮೀನೂ ಬೇಡ: ಗದ್ದೆಯಂತಹ ತೆಳುನೀರಿನ ವಂಶದಲ್ಲಿ ಹುಟ್ಟಿ, ಮನುಷ್ಯನ ಆಸೆಗಾಗಿ ಸೆರಗಿನಂತಹ ರೆಕ್ಕೆಗಳನ್ನು ಹೊತ್ತ ಆ ಪ್ರಾಣಿಗೆ ಪ್ರತಿ ಉಸಿರಿಗೂ 60 ಸೆಂಟಿಮೀಟರು ಏರುವುದು ದಣಿವಿನ ಕೆಲಸ.

ನನ್ನ ಆಯ್ಕೆಯು ಜೇನು ಗೌರಾಮಿ. ಗಂಗಾ ಬ್ರಹ್ಮಪುತ್ರಾ ಬಯಲುಗಳ ಈ ಪುಟ್ಟ ಮೀನನ್ನು 1822ರಲ್ಲಿ ಗಂಗಾನದಿಯ ಮತ್ಸ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಮೊದಲು ವರ್ಣಿಸಿದವನು, ಟಿಪ್ಪುವಿನ ಪತನಾನಂತರ ನಮ್ಮ ಮೈಸೂರು ಸೀಮೆಯನ್ನು ಸುತ್ತಿ ಬೆಳೆ, ಕೆರೆ, ಕಸುಬುಗಳನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನನೇ; ಮೇಲೆ ಹೇಳಿದ ಜೀಬ್ರಾ ಮೀನನ್ನು ವರ್ಣಿಸಿದವನೂ ಅವನೇ. ಗೌರಾಮಿಯ ಕಿವಿರಿನ ಮೇಲ್ಭಾಗದಲ್ಲಿ, ಮಡಿಕೆ ಮಡಿಕೆಯಾದ ಎಲುಬಿನ ಮೇಲೆ ರಕ್ತನಾಳಗಳ ತೆಳುಪೊರೆ ಹೊದ್ದ ಒಂದು ಅಂಗವುಂಟು. ಬಾಯಿಂದ ಹೀರಿದ ಗಾಳಿಯಿಂದಲೇ ಅದು ಆಮ್ಲಜನಕವನ್ನು ಸೆಳೆಯುವುದರಿಂದ ನೀರಿನ ಬಡತನವು ಈ ಮೀನಿಗೆ ಅಷ್ಟಾಗಿ ತಟ್ಟದು. ಬೆಳೆದರೂ 5 ಸೆಂಟಿಮೀಟರಿನ ಆಸುಪಾಸು, ಓಡಾಟವೂ ಮಂದಗತಿಯದು.

ಒಂದು ಗಂಡು, ಎರಡು ಹೆಣ್ಣು ಸಾಕು. ನೀರಿನ ಮೇಲೆ ಒಂದಿಷ್ಟು ತೇಲುಗಿಡ, ಮುಚ್ಚಳದ ಕೆಳಗೆ ನಾಲ್ಕು ಬೆರಳಷ್ಟು ಗಾಳಿ, ಪಂಪಿನ ವೇಗ ಮೆಲ್ಲಗೆ. ಕೆಲವು ದಿನಗಳಲ್ಲಿ ಗಂಡಿನ ಮೈಗೆ ಜೇನಿನ ಬಣ್ಣವೇರಿ, ಗಂಟಲಿನಿಂದ ಹೊಟ್ಟೆಯವರೆಗೆ ಕಡುನೀಲಿಯ ಕಪ್ಪು ಹರಡುವುದು. ತೇಲುಗಿಡದ ಅಡಿಯಲ್ಲಿ ಅದು ಒಂದೊಂದೇ ಗುಳ್ಳೆಯನ್ನು ಉಗುಳಿ ಗೂಡು ಕಟ್ಟುತ್ತದೆ. ನೂಲಿನಂತಹ ಎರಡು ಎಳೆಗಳನ್ನು ಮುಂಚಾಚಿ ಗಾಜನ್ನೂ ಎಲೆಯನ್ನೂ ಸಂಗಾತಿಯನ್ನೂ ತಡವಿ ನೋಡುತ್ತದೆ. ಬಳಿಕ ಹೆಣ್ಣಿನೆದುರಿಗೆ ಬಂದು, ತಲೆ ಮೇಲಾಗಿ ಬಾಲ ಕೆಳಗಾಗಿ ನೆಟ್ಟಗೆ ನಿಂತು, ಆ ಕಪ್ಪೆದೆಯನ್ನು ತೋರಿಸುತ್ತ ಅದನ್ನು ಗೂಡಿನತ್ತ ಕರೆದೊಯ್ಯುತ್ತದೆ.