ಹರಿಯದ ನೀರು, ಬಿಡದ ಅಂಟು

ಸ್ಕ್ಯಾನಿಂಗ್ ಮುಗಿದ ಮೇಲೆ ಕೈಗೆ ಕೊಡುವ ಟಿಶ್ಯೂ ಕಾಗದ ಯಾವತ್ತೂ ಸಾಲುವುದಿಲ್ಲ. ಹೊಟ್ಟೆಗೆ ಮೆತ್ತಿದ ಆ ತಣ್ಣನೆಯ ಲೋಳೆಯನ್ನು ಎಷ್ಟು ಒರೆಸಿದರೂ ಇನ್ನೊಂದಿಷ್ಟು ಉಳಿದೇ ಇರುತ್ತದೆ. ಹೊರಗೆ ಬಂದು, ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ’ ಎಂಬ ಗೋಡೆಯ ಬೋರ್ಡನ್ನು ನಾಲ್ಕನೇ ಸಲ ಓದುತ್ತಾ ರಿಪೋರ್ಟಿಗೆ ಕಾಯುವ ಹೊತ್ತಿಗೆ ಅದು ಅಂಗಿಗೆ ಅಂಟಿರುತ್ತದೆ. ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ನೋಡಿಸಿಕೊಳ್ಳಲು ಹೋಗಿದ್ದಾಗ ಡಾಕ್ಟರನ್ನು ಕೇಳಿಯೇಬಿಟ್ಟೆ: “ಇದು ಹಚ್ಚದೆ ಆಗೋದೇ ಇಲ್ವಾ ಡಾಕ್ಟ್ರೇ?” ಅವರು ಉತ್ತರ ಹೇಳಲಿಲ್ಲ. ಪ್ರೋಬನ್ನು ಒರೆಸಿ, ಜೆಲ್ ತಾಗದ ಕಡೆ ಇಟ್ಟು ತೋರಿಸಿದರು. ಪರದೆ ಕಪ್ಪಾಯಿತು. ಮೇಲ್ತುದಿಯಲ್ಲಿ ಮಾತ್ರ ಒಂದರ ಕೆಳಗೊಂದು ನಾಲ್ಕಾರು ಬಿಳಿ ಗೆರೆ. “ನೋಡಿ, ಇದು ಗಾಳಿಯ ಫೋಟೋ,” ಎಂದರು.

ಅಲ್ಲಿದ್ದ ಗಾಳಿ ಕೂದಲೆಳೆಯಷ್ಟು ದಪ್ಪವೂ ಇದ್ದಿರಲಾರದು. ಆದರೆ ಅಷ್ಟು ಸಾಕು. ಸ್ಕ್ಯಾನಿಂಗ್ ಎಂದರೆ ಮೈಯೊಳಗೆ ಶಬ್ದ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಕಟ್ಟುವುದು. ಶಬ್ದ ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟಬೇಕಾದರೆ ಎರಡೂ ಒಂದೇ ಜಾತಿಯವಾಗಿರಬೇಕು. ವಸ್ತುವಿನ ಸಾಂದ್ರತೆಯನ್ನು ಅದರಲ್ಲಿ ಶಬ್ದ ಓಡುವ ವೇಗದಿಂದ ಗುಣಿಸಿದರೆ ಆ ಜಾತಿ ಗೊತ್ತಾಗುತ್ತದೆ. ಇದಕ್ಕೆ ‘ಧ್ವನಿ ಪ್ರತಿರೋಧ’ ಎಂದು ಹೆಸರು, ಅಳೆಯುವುದು ಮೆಗಾರೇಲ್‌ಗಳಲ್ಲಿ. ನೀರಿನದು ಸುಮಾರು 1.5, ಮೈಯ ಮೆದು ಭಾಗಗಳದು 1.6ರ ಆಸುಪಾಸು. ಗಾಳಿಯದು 0.0004. ಲೆಕ್ಕ ಹಾಕಿ ನೋಡಿದರೆ ಗಾಳಿಗೂ ಚರ್ಮಕ್ಕೂ ನಡುವಿನ ಗಡಿಯಲ್ಲಿ ಸಾವಿರ ಪಾಲು ಶಬ್ದದಲ್ಲಿ 999 ಪಾಲು ಹಿಂದಕ್ಕೆ ಬರುತ್ತದೆ. ನೀರಿಗೂ ಚರ್ಮಕ್ಕೂ ನಡುವೆ ಹಿಂದಕ್ಕೆ ಬರುವುದು ಸಾವಿರಕ್ಕೆ ಒಂದೆರಡು ಪಾಲು.

ಅಂದರೆ ನೀರಿಗಿಂತ ಒಳ್ಳೆಯ ದಲ್ಲಾಳಿ ಬೇಕಿಲ್ಲ. ಮೊದಲಿಗೆ ಮಾಡಿದ್ದೂ ಅದನ್ನೇ. 1950ರ ದಶಕದಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಡಗ್ಲಸ್ ಹೌರಿ ಎಂಬ ವೈದ್ಯರು ರೋಗಿಯನ್ನು ನೀರು ತುಂಬಿದ ತೊಟ್ಟಿಯಲ್ಲೇ ಕೂರಿಸುತ್ತಿದ್ದರು. ಬಿ-29 ಬಾಂಬರ್ ವಿಮಾನದ ಬಂದೂಕು ತಿರುಗಿಸುವ ಬಳೆಯನ್ನು ತಂದು ತೊಟ್ಟಿಗೆ ಜೋಡಿಸಿದ್ದರು. ಅದರ ಮೇಲೆ ಪ್ರೋಬ್ ರೋಗಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿತ್ತು. ಕಾಯಿಲೆಯವರನ್ನು ಹೀಗೆ ನೆನೆಹಾಕುವುದು ನಡೆಯುವ ಮಾತಲ್ಲ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಗರ್ಭಿಣಿಯರ ಹೊಟ್ಟೆಗೆ ಆಲಿವ್ ಎಣ್ಣೆ ಸವರಿ ಕೆಲಸ ಸಾಗಿಸಿದರು. 1958ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಅವರ ಪ್ರಬಂಧದಿಂದಲೇ ಹೆರಿಗೆ ವೈದ್ಯದಲ್ಲಿ ಸ್ಕ್ಯಾನಿಂಗ್ ಬೇರೂರಿತು. ಎಣ್ಣೆಯ ಜಾಗಕ್ಕೆ ಆಮೇಲೆ ಬಂದದ್ದು ನಮ್ಮ ಪರಿಚಯದ ಲೋಳೆ. ಅದರಲ್ಲಿರುವುದು ಬಹುಪಾಲು ನೀರು, ಅದನ್ನು ಗಟ್ಟಿ ಮಾಡಲು ಚಿಟಿಕೆ ಪಾಲಿಮರ್, ಬೇಗ ಆರದಿರಲೆಂದು ಗ್ಲಿಸರಿನ್ ಥರದ್ದೇನಾದರೂ.

ಹತ್ತು ನಿಮಿಷದ ಸ್ಕ್ಯಾನಿಂಗ್‌ಗೆ ಇದು ಧಾರಾಳ ಸಾಕು. ಸಮಸ್ಯೆ ಶುರುವಾದದ್ದು ಸ್ಕ್ಯಾನಿಂಗ್ ಯಂತ್ರವನ್ನೇ ಮೈಗೆ ಅಂಟಿಸಿಕೊಂಡು ಓಡಾಡುವ ಆಸೆ ಹುಟ್ಟಿದಾಗ. ಹೃದಯ ಇಡೀ ದಿನ ಹೇಗೆ ಬಡಿಯುತ್ತದೆ, ಓಡುವಾಗ ಕತ್ತಿನ ರಕ್ತನಾಳ ಎಷ್ಟು ಹಿಗ್ಗುತ್ತದೆ, ಇವನ್ನೆಲ್ಲ ಹಾಸಿಗೆಯ ಮೇಲೆ ಹತ್ತು ನಿಮಿಷ ಮಲಗಿಸಿ ತಿಳಿಯಲಾಗದು. ಓಡುವವನ ಮೈಮೇಲೆ ಲೋಳೆ ನಿಲ್ಲುತ್ತದೆಯೇ? ಇಳಿದುಹೋಗುತ್ತದೆ. ನಿಂತರೂ ಆರುತ್ತದೆ, ಆರಿದ ಜಾಗಕ್ಕೆ ಗಾಳಿ ನುಗ್ಗುತ್ತದೆ. ಹಾಗಂತ ಬರೀ ಅಂಟುಪಟ್ಟಿ ಹಾಕಿದರೆ ಬೆವರಿಗೆ ಅಂಚಿನಿಂದ ಏಳುತ್ತದೆ. ಸ್ಟಿಕರ್ ಬಿಂದಿ ಇಟ್ಟುಕೊಂಡು ಏಪ್ರಿಲ್ ತಿಂಗಳಲ್ಲಿ ಮಂಗಳೂರಿನ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೊಡಕು ಇನ್ನೂ ಇದೆ. ಶಬ್ದ ಹುಟ್ಟಿಸುವುದು ಪೀಜೋ ಸೆರಾಮಿಕ್. ವಿದ್ಯುತ್ ಕೊಟ್ಟರೆ ಕಂಪಿಸುವ, ಕಂಪಿಸಿದರೆ ವಿದ್ಯುತ್ ಕೊಡುವ ವಸ್ತು. ಅದು ಪಿಂಗಾಣಿಯಷ್ಟು ಬಿರುಸು, ಅದರ ಧ್ವನಿ ಪ್ರತಿರೋಧ 30ಕ್ಕೂ ಮೇಲೆ. ನೇರವಾಗಿ ಮೈಗೆ ತಾಗಿಸಿದರೆ ಐದನೇ ಒಂದು ಪಾಲು ಶಬ್ದವೂ ಒಳಗೆ ಇಳಿಯುವುದಿಲ್ಲ. ಅದಕ್ಕೇ ಪ್ರೋಬಿನ ಮುಖಕ್ಕೆ ಲೋಹದ ಪುಡಿ ಬೆರೆಸಿದ ಎಪಾಕ್ಸಿಯ ಪದರ ಹಚ್ಚುತ್ತಾರೆ. ಅದರ ಧ್ವನಿ ಪ್ರತಿರೋಧ ಎರಡರ ನಡುವಿನದು, ದಪ್ಪ ಧ್ವನಿತರಂಗದ ಉದ್ದದ ಕಾಲು ಭಾಗ. ಎತ್ತರದ ಜಗಲಿ ಹತ್ತಲು ನಡುವೆ ಇಟ್ಟ ಮೆಟ್ಟಿಲುಗಲ್ಲಿನ ಹಾಗೆ.

ಬಿರುಸಾದ ಸೆರಾಮಿಕ್ಕು, ಕೀಲುಗಳ ಬಳಿ ಮೂರನೇ ಒಂದು ಭಾಗದಷ್ಟು ಹಿಗ್ಗಬಲ್ಲ ಚರ್ಮ. ಈ ಎರಡರ ಸಂಬಂಧ ಕುದುರಿಸುವುದು ಹೇಗೆ? ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶೆಂಗ್ ಷು ಅವರ ತಂಡ ಯಂತ್ರವನ್ನೇ ಬಗ್ಗಿಸಲು ಹೊರಟಿತು. ಸೆರಾಮಿಕ್ಕನ್ನು ಪುಟ್ಟ ಪುಟ್ಟ ಚೂರುಗಳಾಗಿ ಕತ್ತರಿಸಿ, ಸುರುಳಿ ಸುರುಳಿ ತಾಮ್ರದ ಎಳೆಗಳಿಂದ ಪೋಣಿಸಿ, ಸಿಲಿಕೋನ್ ರಬ್ಬರಿನಲ್ಲಿ ಹುದುಗಿಸಿತು. 2018ರಲ್ಲಿ ಪ್ರಕಟವಾದ ಆ ಪಟ್ಟಿಯ ದಪ್ಪ ಕಾಲು ಮಿಲಿಮೀಟರಿಗೂ ಕಡಿಮೆ. ಎಳೆದರೆ ಶೇ. 60ರಷ್ಟು ಹಿಗ್ಗುತ್ತಿತ್ತು. ಕತ್ತಿನ ಮೇಲೆ ಅಂಟಿಸಿ, ಒಳಗಿನ ದೊಡ್ಡ ನಾಳಗಳ ರಕ್ತದೊತ್ತಡದ ಏರಿಳಿತವನ್ನು ಅದರಿಂದ ಓದಿದರು.

ಸೊಗಸಾದ ಕೆಲಸವೇ. ಆದರೆ ಚಿತ್ರ ಬೇಕೆಂದರೆ ಒಂದು ಇಕ್ಕಟ್ಟು ಎದುರಾಗುತ್ತದೆ. ಸ್ಕ್ಯಾನಿಂಗ್ ಯಂತ್ರ ಚಿತ್ರ ಕಟ್ಟುವುದು ಪ್ರತಿಯೊಂದು ಚೂರಿಗೆ ಪ್ರತಿಧ್ವನಿ ಯಾವ ಕ್ಷಣದಲ್ಲಿ ತಲುಪಿತು ಎಂಬ ಲೆಕ್ಕದಿಂದ. 5 ಮೆಗಾಹರ್ಟ್ಸ್ ಶಬ್ದದ ತರಂಗ ಮೈಯೊಳಗೆ ಬರೀ 0.3 ಮಿಲಿಮೀಟರ್ ಉದ್ದ. ಪಟ್ಟಿ ಹಿಗ್ಗಿ ಚೂರುಗಳು ಅದರ ಒಂದು ಪಾಲು ಅತ್ತಿತ್ತ ಸರಿದರೂ ಲೆಕ್ಕ ತಪ್ಪಿ ಚಿತ್ರ ಕಲಸಿಹೋಗುತ್ತದೆ.

ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಷುವಾನ್‌ಹೆ ಝಾವೊ ಅವರ ತಂಡ ಇದಕ್ಕೆ ತಿರುಗುಮುರುಗಾದ ದಾರಿ ಹಿಡಿಯಿತು. ಯಂತ್ರ ಬಿರುಸಾಗಿಯೇ ಇರಲಿ, ಬಗ್ಗುವ ಕೆಲಸವನ್ನು ನಡುವಿನ ಜೆಲ್ ಮಾಡಲಿ. ನನಗೆ ಹೆಚ್ಚು ಹಿಡಿಸಿದ್ದು ಇದು. ಏಕೆಂದರೆ ಇಲ್ಲಿ ಜಾಣತನವೆಲ್ಲ ಟಿಶ್ಯೂ ಕಾಗದದಿಂದ ಒರೆಸಿ ಎಸೆಯುತ್ತಿದ್ದ ವಸ್ತುವಿನೊಳಗೆ ಹೋಗಿ ಕುಳಿತಿದೆ.

ಬೇಕಾದದ್ದು ನೀರಿನಂತೆಯೇ ಇರುವ, ಆದರೆ ಹರಿಯದ ಪದಾರ್ಥ. ಹೊಸದೇನಲ್ಲ, ತಾಟಿನುಂಗಿನ ತಿರುಳನ್ನು ಬೆರಳಿನಿಂದ ಒತ್ತಿ ನೋಡಿದವರು ಅದನ್ನು ಕಂಡಿದ್ದಾರೆ. ಬಹುಪಾಲು ನೀರೇ, ಆದರೂ ಆಕಾರ ಬಿಡುವುದಿಲ್ಲ. ಉದ್ದುದ್ದ ಅಣುಗಳ ಬಲೆಯೊಂದು ನೀರನ್ನು ಹಿಡಿದಿಟ್ಟಿರುವ ಇಂಥ ವಸ್ತುವೇ ಹೈಡ್ರೋಜೆಲ್. ಮನುಷ್ಯ ಅದನ್ನು ತಯಾರಿಸಿ ಮೈಗೆ ಒಗ್ಗಿಸಿಕೊಂಡ ಕಥೆಯಲ್ಲಿ ಪ್ರಾಗ್‌ನ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ ಬರುತ್ತಾರೆ. 1961ರ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳ ಜೋಡಣೆ ಆಟಿಕೆ, ಸೈಕಲ್ಲಿನ ಡೈನಮೋ ಇವನ್ನೇ ಬಳಸಿ ಮನೆಯಲ್ಲೊಂದು ತಿರುಗುವ ಯಂತ್ರ ಕಟ್ಟಿ, ಹೈಡ್ರೋಜೆಲ್‌ನಿಂದ ಮೆದು ಕಾಂಟ್ಯಾಕ್ಟ್ ಲೆನ್ಸ್ ಎರಕ ಹೊಯ್ದವರು ಅವರು. ಕಣ್ಣು ಸದಾ ಒದ್ದೆಯಾದ್ದರಿಂದ ಅವರಿಗೆ ಒಣಗುವ ಚಿಂತೆ ಅಷ್ಟಾಗಿ ಇರಲಿಲ್ಲ. ಆದರೆ ತಾಟಿನುಂಗಿನ ಇನ್ನೊಂದು ಗುಣ ಹೈಡ್ರೋಜೆಲ್‌ಗಳನ್ನೂ ಬಹುಕಾಲ ಕಾಡಿತು: ಉಗುರು ತಾಗಿದರೆ ಹರಿಯುತ್ತದೆ.

2012ರಲ್ಲಿ ಹಾರ್ವರ್ಡ್‌ನ ಝಿಗಾಂಗ್ ಸುವೊ ಮತ್ತು ಸಂಗಡಿಗರು ಮೂಲ ಉದ್ದದ 20 ಪಟ್ಟಿಗೂ ಮೀರಿ ಎಳೆದರೂ ಹರಿಯದ ಹೈಡ್ರೋಜೆಲ್ ಮಾಡಿದರು. ಅದರಲ್ಲಿ ಒಂದಲ್ಲ, ಎರಡು ಬಲೆಗಳು ಹೆಣೆದುಕೊಂಡಿವೆ. ಒಂದು ಸಮುದ್ರದ ಕಂದು ಪಾಚಿಯಿಂದ ಬರುವ ಆಲ್ಜಿನೇಟ್. ಅದರ ಎಳೆಗಳನ್ನು ಕ್ಯಾಲ್ಸಿಯಂ ಅಯಾನುಗಳು ಕಚ್ಚಿ ಹಿಡಿದಿರುತ್ತವೆ. ಇನ್ನೊಂದು ಉದ್ದಕ್ಕೆ ಹಿಗ್ಗುವ ಪಾಲಿಅಕ್ರಿಲಮೈಡ್. ಎಳೆದಾಗ ಮೊದಲನೆಯದರ ಹಿಡಿತಗಳು ಝಿಪ್ ಬಿಚ್ಚಿದಂತೆ ಒಂದೊಂದಾಗಿ ಬಿಡುತ್ತಾ ಬಲವನ್ನು ನುಂಗಿಕೊಳ್ಳುತ್ತವೆ, ಎರಡನೆಯದು ತುಂಡಾಗದೆ ಎಲ್ಲವನ್ನೂ ಕೂಡಿಸಿ ಹಿಡಿದಿರುತ್ತದೆ. ಆ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಝಾವೊ ಹೆಸರೂ ಇತ್ತು.

ಹತ್ತು ವರ್ಷದ ಮೇಲೆ, 2022ರ ಜುಲೈನಲ್ಲಿ, ಅವರ ತಂಡದ ಪಟ್ಟಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅಂಚೆ ಚೀಟಿಯಷ್ಟು ಅಗಲ, 3 ಮಿಲಿಮೀಟರ್ ದಪ್ಪ. ಮೇಲೆ ಬಿರುಸಾದ ಸೆರಾಮಿಕ್ ಸಾಲು, ಕೆಳಗೆ ಗಟ್ಟಿಮುಟ್ಟಾದ ಹೈಡ್ರೋಜೆಲ್. ಆ ಹೈಡ್ರೋಜೆಲ್ಲಿನ ಎರಡೂ ಮುಖಕ್ಕೆ ಪ್ಲಾಸ್ಟಿಕ್ ಹಾಳೆಯಂಥ ರಬ್ಬರಿನ ಪೊರೆ, ಅದರ ಮೇಲೆ ಅಂಟು. ಈ ಪೊರೆ ಒಳಗಿನ ನೀರು ಆವಿಯಾಗದಂತೆ ನೋಡಿಕೊಳ್ಳುತ್ತದೆ. ರಬ್ಬರು ಶಬ್ದವನ್ನು ನುಂಗುತ್ತದಲ್ಲ ಎಂದರೆ, ನುಂಗುತ್ತದೆ, ಆದರೆ ದಪ್ಪಗಿದ್ದರೆ. ತರಂಗದ ಉದ್ದಕ್ಕಿಂತ ಎಷ್ಟೋ ತೆಳ್ಳಗಿರುವ ಪೊರೆಯೊಂದು ದಾರಿಯಲ್ಲಿದೆ ಎಂದು ಶಬ್ದಕ್ಕೆ ಗೊತ್ತೇ ಆಗುವುದಿಲ್ಲ.

ಈ ಪಟ್ಟಿಯನ್ನು ಸ್ವಯಂಸೇವಕರು 48 ಗಂಟೆ ಅಂಟಿಸಿಕೊಂಡಿದ್ದರು. ಜ್ಯೂಸ್ ಕುಡಿದಾಗ ಜಠರ ಉಬ್ಬಿದ್ದು, ಮತ್ತೆ ಕುಗ್ಗಿದ್ದು ಕಂಡಿತು. ಓಡಿದಾಗ, ಸೈಕಲ್ ತುಳಿದಾಗ ಹೃದಯದ ಆಕಾರ ಬದಲಾದದ್ದು ಕಂಡಿತು. ಆದರೆ ಪಟ್ಟಿಯಿಂದ ಹೊರಟ ವೈರು ಪಕ್ಕದ ದೊಡ್ಡ ಯಂತ್ರಕ್ಕೆ ಸೇರುತ್ತಿತ್ತು ಎನ್ನುವುದನ್ನೂ ಹೇಳಬೇಕು. ವೈರಿನ ಕಾಟ ತಪ್ಪಿಸುವ ಕೆಲಸವನ್ನು ಮರುವರ್ಷ ಸ್ಯಾನ್ ಡಿಯಾಗೊದವರೇ ಮಾಡಿದರು: ಬ್ಯಾಟರಿ, ಚಿಪ್ಪುಗಳೆಲ್ಲ ಮೈಮೇಲೆಯೇ, 164 ಮಿಲಿಮೀಟರ್ ಆಳದವರೆಗಿನ ಸಂಕೇತ, 12 ಗಂಟೆ ಓಟ.

ಚರ್ಮವೂ ಸುಮ್ಮನಿರುವುದಿಲ್ಲ. ಅದರ ಮೇಲ್ಪದರ ದಿನವೂ ಹೊಟ್ಟಾಗಿ ಉದುರುತ್ತಿರುತ್ತದೆ, ಅಂಟಿಸಿದ್ದು ಆ ಹೊಟ್ಟಿನ ಜೊತೆಗೇ ಬಿಟ್ಟುಬರುತ್ತದೆ. ಹಾಗೆಂದು ಅಂಟಿನ ಬಲ ಹೆಚ್ಚಿಸಿದರೆ ವಯಸ್ಸಾದವರ ತೆಳು ಚರ್ಮ ಪಟ್ಟಿಯ ಜೊತೆ ಕಿತ್ತುಬರುವ ಭಯ. ಬೆವರಿಗೆ ದಾರಿ ಬೇಕು, ಗಾಳಿಗೆ ದಾರಿ ಇರಬಾರದು. ಎದೆಯ ಮೇಲಿನ ಕೂದಲಿನ ಬುಡದಲ್ಲಿ ಸಿಕ್ಕಿಕೊಂಡ ಗುಳ್ಳೆಯೊಂದೇ ಸಾಕು, ಹೃದಯದ ಅರ್ಧ ಚಿತ್ರ ಕತ್ತಲಾಗಲು.

ಇದೆಲ್ಲ ಬಗೆಹರಿದು, ಪಟ್ಟಿ ನಮ್ಮ ಮೆಡಿಕಲ್ ಶಾಪಿಗೂ ಬಂತೆನ್ನಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಪ್ರಕಾರ ಸ್ಕ್ಯಾನಿಂಗ್ ಕೇಂದ್ರವೂ ಅದರ ಯಂತ್ರವೂ ಸರ್ಕಾರದ ದಾಖಲೆಯಲ್ಲಿರಬೇಕು, ಕೈಯಲ್ಲಿ ಹಿಡಿದೊಯ್ಯುವ ಸಣ್ಣ ಯಂತ್ರಕ್ಕೂ ವಿನಾಯಿತಿಯಿಲ್ಲ. ಬೋರ್ಡು ಎಲ್ಲರ ಕಣ್ಣಿಗೆ ಬೀಳುವಂತಿರಬೇಕು. ಅಂಚೆ ಚೀಟಿಯಗಲದ ಯಂತ್ರವನ್ನು ಸೀರೆಯೊಳಗೆ ಅಂಟಿಸಿಕೊಂಡು ಬಸ್ಸಿನಲ್ಲಿ ಹೋಗುವ ಗರ್ಭಿಣಿಯ ವಿಷಯದಲ್ಲಿ ಆ ಬೋರ್ಡನ್ನು ಎಲ್ಲಿ ತೂಗುಹಾಕುತ್ತಾರೋ ನೋಡಬೇಕು.