ಅಲಂಕಾರದ ಅಳತೆ

ಮನೆಗೆ ಅತಿಥಿಗಳು ಬರುವರೆಂದು ತಿಳಿದೊಡನೆ ಮನೆಯ ರೂಪವೇ ಬದಲಾಗುತ್ತದೆ. ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಹುಡಗಿಯಂತಹ ಊರಿನಲ್ಲಾಗಲಿ, ಬೆಂಗಳೂರಿನಂತಹ ಮಹಾನಗರದಲ್ಲಾಗಲಿ ಈ ಮಾತು ಒಂದೇ. ಅಂಗಳವನ್ನು ಗುಡಿಸಿ ನೀರು ಚಿಮುಕಿಸುತ್ತಾರೆ, ರಂಗೋಲಿಯನ್ನು ಬಿಡಿಸುತ್ತಾರೆ, ಬಾಗಿಲಿಗೆ ಮಾವಿನ ಎಲೆಯ ತೋರಣವನ್ನು ಕಟ್ಟುತ್ತಾರೆ, ಪಡಸಾಲೆಯಲ್ಲಿ ಜಮಖಾನೆಯನ್ನು ಹಾಸುತ್ತಾರೆ. ಹಬ್ಬದ ಊಟಕ್ಕೆ ಹಾಕಿದ ಎಲೆಗಳ ಸುತ್ತಲೂ ರಂಗೋಲಿಯ ಗೆರೆಗಳನ್ನು ಎಳೆಯುವುದುಂಟು. ಇದರಿಂದ ಅನ್ನದ ರುಚಿಯೇನೂ ಹೆಚ್ಚುವುದಿಲ್ಲ. ಆದರೆ ‘ನಿಮಗಾಗಿ ಕಾದಿದ್ದೆವು’ ಎಂಬ ಮಾತನ್ನು ಆ ಗೆರೆಗಳು ಬಾಯಿಲ್ಲದೆ ಹೇಳುತ್ತವೆ. ಒಳಾಂಗಣದ ಅಲಂಕಾರಕ್ಕೆ ಮೂಲವಾದುದು ಈ ಆದರವೇ.

ಇಂದು ಈ ಅಲಂಕಾರವು ಒಂದು ವೃತ್ತಿಯಾಗಿಯೂ ಬೆಳೆದಿದೆ. ಮದುವೆ, ಸಭೆ, ಔತಣಗಳಿಗಾಗಿ ಕೊಠಡಿಯನ್ನೂ ಊಟದ ಮೇಜನ್ನೂ ಸಿಂಗರಿಸುವವರಿದ್ದಾರೆ. ಛಾಯಾಚಿತ್ರ ತೆಗೆಯುವುದಕ್ಕಾಗಿಯೇ ವಸ್ತುಗಳನ್ನು ಜೋಡಿಸಿಕೊಡುವವರೂ ಇದ್ದಾರೆ. ಬೆಲೆಬಾಳುವ ವಸ್ತುಗಳನ್ನು ತಂದು ತುಂಬಿದರೆ ಅಲಂಕಾರವಾಯಿತೆಂದು ಹಲವರು ಭಾವಿಸುತ್ತಾರೆ. ಸಂಸ್ಕೃತದಲ್ಲಿ ‘ಅಲಂ’ ಎಂದರೆ ‘ಸಾಕು’ ಎಂಬ ಅರ್ಥವಿದೆ. ಸಾಕಷ್ಟು ಮಾಡುವುದೇ ಅಲಂಕಾರ. ಸಾಕಾದ ಮೇಲೂ ಹೇರುವುದು ಅಲಂಕಾರವಲ್ಲ, ಆಡಂಬರ.

ಈ ತತ್ತ್ವಕ್ಕೆ ಉತ್ತಮವಾದ ನಿದರ್ಶನಗಳು ಬೀದರಿನಲ್ಲಿಯೇ ದೊರೆಯುತ್ತವೆ. ಅಲ್ಲಿನ ಕೋಟೆಯೊಳಗೆ ರಂಗೀನ್ ಮಹಲ್ ಎಂಬ ಅರಮನೆಯಿದೆ. 16ನೆಯ ಶತಮಾನದಲ್ಲಿ ಆಳಿದ ಅಲಿ ಬರೀದ್ ಷಹನು ಅದಕ್ಕೆ ಹೊಸ ರೂಪವನ್ನು ಕೊಟ್ಟನು. ಕೆತ್ತನೆಯ ಮರದ ಕಂಬಗಳು, ಬಣ್ಣದ ಹೆಂಚುಗಳು ಅದರ ಒಳಭಾಗದ ಸೊಬಗನ್ನು ಹೆಚ್ಚಿಸಿವೆ. ಇವೆಲ್ಲಕ್ಕಿಂತ ಮಿಗಿಲಾಗಿ ಕಣ್ಣನ್ನು ಸೆಳೆಯುವುದು ಕರಿಯ ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಚಿತ್ತಾರ. ಚಿಪ್ಪಿನ ಚೂರುಗಳು ಸಣ್ಣವು. ಕಲ್ಲಿನ ಹರವು ದೊಡ್ಡದು. ಕಪ್ಪು ಹಿನ್ನೆಲೆಯಿರುವುದರಿಂದಲೇ ಆ ಚೂರುಗಳು ಹೊಳೆಯುತ್ತವೆ.

ಬೀದರಿನ ಹೆಸರನ್ನೇ ಹೊತ್ತ ಬಿದರಿ ಕಲೆಯೂ ಇದೇ ಗುಟ್ಟನ್ನು ಬಲ್ಲದು. ಬಿದರಿ ಪಾತ್ರೆಗೆ ಬಳಸುವ ಲೋಹದಲ್ಲಿ ಸತುವೇ ಹೆಚ್ಚು, ತಾಮ್ರವು ಸ್ವಲ್ಪ. ಇವೆರಡನ್ನೂ ಕರಗಿಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಎರಕದ ವಸ್ತುವನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರನ್ನು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಬಳ್ಳಿ, ಹೂವು, ಎಲೆಗಳ ಚಿತ್ರವನ್ನು ಗೀಚಿ, ಸಣ್ಣ ಉಳಿಗಳಿಂದ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಹಿಂದಿನ ಕಪ್ಪು ಹೋಗಿ, ಬೆಳ್ಳಿಗೂ ಲೋಹಕ್ಕೂ ವ್ಯತ್ಯಾಸವೇ ತೋರುವುದಿಲ್ಲ. ಕೊನೆಯಲ್ಲಿ ವಸ್ತುವನ್ನು ಬಿಸಿ ಮಾಡಿ, ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣು ಮತ್ತು ನವಸಾಗರಗಳ ಮಿಶ್ರಣದಿಂದ ತಿಕ್ಕುತ್ತಾರೆ. ಆಗ ಸತುವಿನ ಲೋಹವು ಅಚ್ಚ ಕಪ್ಪಾಗುತ್ತದೆ. ಬೆಳ್ಳಿಯು ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಎಣ್ಣೆ ಸವರಿದೊಡನೆ ಕಪ್ಪು ಇನ್ನಷ್ಟು ಗಾಢವಾಗುತ್ತದೆ.

ಇಂತಹ ಒಂದು ಹೂದಾನಿಯನ್ನು ಊಟದ ಮೇಜಿನ ಮೇಲೆ ಇರಿಸಬೇಕಾಗಿದೆಯೆಂದು ಭಾವಿಸೋಣ. ಮೊದಲು ನೋಡಬೇಕಾದುದು ಹಿನ್ನೆಲೆ. ಹೂವಿನ ಚಿತ್ರಗಳಿಂದ ಕಿಕ್ಕಿರಿದ ಬಟ್ಟೆಯ ಮೇಲೆ ಬೆಳ್ಳಿಯ ಬಳ್ಳಿಯು ಕಳೆದುಹೋಗುತ್ತದೆ. ಬಿಳಿಯ ಬಟ್ಟೆಯ ಮೇಲಾದರೆ ಹೂದಾನಿಯು ಎದ್ದು ಕಾಣುತ್ತದೆ. ಎರಡನೆಯದು ಪ್ರಮಾಣ. ಹೂವುಗಳು ಕುಳಿತವರ ಕಣ್ಣಿನ ಮಟ್ಟಕ್ಕಿಂತ ಕೆಳಗಿರಬೇಕು. ಇಲ್ಲವಾದರೆ ಎದುರು ಕುಳಿತವರು ಒಬ್ಬರ ಮುಖವನ್ನೊಬ್ಬರು ಕಾಣಲಾರರು. ಮೂರನೆಯದು ಉಪಯೋಗ. ತಟ್ಟೆ, ಲೋಟಗಳಿಗೆ ಎಡೆಯಿಲ್ಲದಂತೆ ಮೇಜನ್ನು ತುಂಬಿದರೆ ಅದು ಊಟದ ಮೇಜೆನಿಸದು. ವಸ್ತುವಿನ ಗುಣವನ್ನೂ ಅರಿತಿರಬೇಕು. ಹುಳಿಯು ತಗುಲಿದರೆ ಬಿದರಿಯ ಕಪ್ಪು ಕೆಡುತ್ತದೆ. ಆದುದರಿಂದ ಹೂವಿಗೆ ನೀರು ಬೇಕಾದರೆ ಒಳಗೊಂದು ಗಾಜಿನ ಪಾತ್ರೆಯನ್ನು ಇಡುವುದು ಲೇಸು.

ಛಾಯಾಚಿತ್ರಕ್ಕಾಗಿ ಮಾಡುವ ಜೋಡಣೆಯಲ್ಲಿ ಇನ್ನೂ ಕೆಲವು ಎಚ್ಚರಿಕೆಗಳು ಬೇಕು. ಮನುಷ್ಯನು ಎರಡು ಕಣ್ಣುಗಳಿಂದ ನೋಡಿ ವಸ್ತುಗಳ ನಡುವಣ ಅಂತರವನ್ನು ಸುಲಭವಾಗಿ ಗ್ರಹಿಸುತ್ತಾನೆ. ಕ್ಯಾಮರಾಕ್ಕೆ ಇರುವುದು ಒಂದೇ ಕಣ್ಣು. ಹಿಂದಿನ ಕಿಟಕಿಯ ಸರಳು ಚಿತ್ರದಲ್ಲಿ ಹೂದಾನಿಯಿಂದಲೇ ಮೊಳೆತಂತೆ ಕಾಣಬಹುದು. ಮನಸ್ಸು ಗಮನಿಸದೆ ಬಿಡುವ ಮೂಲೆಯ ಕಸವನ್ನು ಕ್ಯಾಮರಾ ಬಿಡುವುದಿಲ್ಲ. ನೇರವಾದ ಬೆಳಕು ಬಿದ್ದರೆ ಬೆಳ್ಳಿಯು ಕಣ್ಣು ಕೋರೈಸಿ ಚಿತ್ತಾರವು ಅಳಿಸಿಹೋಗುತ್ತದೆ. ಕಿಟಕಿಗೆ ತೆಳುವಾದ ಬಿಳಿ ಪರದೆಯನ್ನು ಇಳಿಬಿಟ್ಟು, ಪಕ್ಕದಿಂದ ಮೃದುವಾದ ಬೆಳಕು ಬರುವಂತೆ ಮಾಡಿದರೆ ಒಂದೊಂದು ಎಲೆಯೂ ಸ್ಪಷ್ಟವಾಗುತ್ತದೆ. ಇಲ್ಲಿಯೂ ಸೇರಿಸುವುದಕ್ಕಿಂತ ತೆಗೆಯುವುದೇ ದೊಡ್ಡ ಕೆಲಸ.

ಆದರೆ ಚಿತ್ರದಲ್ಲಿ ಕಾಣದ ಒಂದು ಸಂಗತಿಯುಂಟು. ಆ ಹೂದಾನಿಯು ಎರಕ ಹೊಯ್ಯುವವನು, ಕೊರೆಯುವವನು, ಬೆಳ್ಳಿ ಕೂರಿಸುವವನು, ಮೆರುಗು ಕೊಡುವವನು ಎಂಬ ಹಲವರ ಕೈಗಳನ್ನು ದಾಟಿ ಬಂದಿರುತ್ತದೆ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಬಿದರಿಯ ವಸ್ತುಗಳು ಮೆಚ್ಚುಗೆಯನ್ನು ಪಡೆದವು. ನಮ್ಮ ಕಾಲದಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. 2023ರಲ್ಲಿ ಬೀದರಿನ ಬಿದರಿ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಆದರೂ ಮನ್ನಣೆಯೊಂದರಿಂದಲೇ ಒಲೆ ಉರಿಯುವುದಿಲ್ಲ. ಬೆಳ್ಳಿಯ ಬೆಲೆ ಏರಿದಾಗ ಕೊಳ್ಳುವವರು ಹಿಂಜರಿಯುತ್ತಾರೆ. ದುಡಿಮೆಗೆ ತಕ್ಕ ಪ್ರತಿಫಲ ಸಿಗದಿದ್ದರೆ ಮಕ್ಕಳು ಬೇರೆ ಉದ್ಯೋಗವನ್ನು ಅರಸುತ್ತಾರೆ. ಇತ್ತ, ಒಂದೇ ದಿನದ ಸಮಾರಂಭಕ್ಕೆಂದು ತಂದ ಥರ್ಮೋಕೋಲಿನ ಕಮಾನು, ಪ್ಲಾಸ್ಟಿಕ್ಕಿನ ಹೂಗಳು ಮರುದಿನ ಊರ ಹೊರಗಿನ ತಿಪ್ಪೆಯನ್ನು ಸೇರುತ್ತವೆ. ಅವು ಮಣ್ಣಿನಲ್ಲಿ ಕರಗುವುದಿಲ್ಲ, ಸುಟ್ಟರೆ ವಿಷದ ಹೊಗೆಯನ್ನು ಕಾರುತ್ತವೆ. ಮಾವಿನ ತೋರಣವಾದರೋ ಒಣಗಿದ ಮೇಲೂ ಗೊಬ್ಬರವಾಗುತ್ತದೆ. ಬಿದರಿಯ ಹೂದಾನಿಯು ತಲೆಮಾರುಗಳವರೆಗೆ ಬಾಳುತ್ತದೆ.

ಎಲ್ಲರ ಮನೆಯಲ್ಲಿಯೂ ಬಿದರಿಯ ಪಾತ್ರೆಗಳಿರಬೇಕೆಂಬ ನಿಯಮವಿಲ್ಲ. ತಿಕ್ಕಿ ತೊಳೆದ ಹಿತ್ತಾಳೆಯ ತಂಬಿಗೆಯಲ್ಲಿ ನಾಲ್ಕು ಚೆಂಡುಹೂಗಳನ್ನೋ, ಹೊಲದಿಂದ ತಂದ ಜೋಳದ ತೆನೆಗಳನ್ನೋ ಇಟ್ಟರೂ ಕೋಣೆಗೆ ಕಳೆ ಬರುತ್ತದೆ. ಅತಿಥಿಯು ನಿರಾಳವಾಗಿ ಕುಳಿತು, ಮನಬಿಚ್ಚಿ ಮಾತನಾಡಿ, ತೃಪ್ತಿಯಿಂದ ಉಂಡು ಎದ್ದರೆ ಅಲಂಕಾರವು ಸಾರ್ಥಕವಾಯಿತು. ಎಷ್ಟು ಇಡಬೇಕೆಂಬುದನ್ನು ಹಣವು ಕಲಿಸಬಹುದು; ಎಲ್ಲಿ ನಿಲ್ಲಿಸಬೇಕೆಂಬುದನ್ನು ಸದಭಿರುಚಿಯೇ ಕಲಿಸಬೇಕು.